ಮಾತು ಬಿಟ್ಟ ಹಾರ್ನು

ಕಲಬುರಗಿಯ ಬ್ರಹ್ಮಪುರದ ದೇವೀಂದ್ರಪ್ಪನವರು ಕರೆಂಟ್ ಆಫೀಸಿನಲ್ಲಿ ಮೀಟರ್ ರೀಡರ್ ಆಗಿ ನಿವೃತ್ತರಾದವರು. ಮನೆಮನೆಗೆ ಹೋಗಿ, ಕತ್ತು ಮೇಲೆತ್ತಿ, ಗಾಜಿನೊಳಗಿನ ಅಂಕಿ ನೋಡಿ ಬರೆದುಕೊಳ್ಳುವ ಕೆಲಸ. ಕರೆಂಟನ್ನು ಅವರು ಜೀವಮಾನವೆಲ್ಲ ನೋಡಿದ್ದರು, ಮುಟ್ಟಿದ್ದು ಕಡಿಮೆ. ಆದರೂ ಓಣಿಯಲ್ಲಿ ಯಾರ ಮನೆಯ ಬಲ್ಬು ಮಿಣುಕಿದರೂ ಮೊದಲ ಅಭಿಪ್ರಾಯ ಅವರದೇ ಆಗಬೇಕು. ಅವರ ಮಾತಿಗೆ ಬೆಲೆ ಕೊಡದೆ ಬಲ್ಬು ಆರಿಹೋದರೆ ಅದು ಬಲ್ಬಿನ ತಪ್ಪು.

ಇಂಥವರಿಗೆ ಒಂದು ಹಳೆಯ ಬಿಳಿ ಮಾರುತಿ ಕಾರಿತ್ತು, ವಿಮಲಾಬಾಯಿ ಎಂಬ ಹೆಂಡತಿಯಿದ್ದರು. ಎರಡನ್ನೂ ಅವರು ಹಾರ್ನಿನಿಂದಲೇ ಸಂಭಾಳಿಸಿಕೊಂಡು ಬಂದಿದ್ದರು. ಅವರ ಕಾಲದ ಗಂಡಸರು ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದುದು ಮದುವೆಯ ದಿನ, ನಾಲ್ಕು ಜನ ಸುತ್ತುಗಟ್ಟಿ, ಹೆಸರು ಸೇರಿಸಿದ ಪ್ರಾಸದ ಒಡಪು ಹೇಳಿಸಿದಾಗ ಮಾತ್ರ. ದೇವೀಂದ್ರಪ್ಪನವರೂ ಅಂದು ಬೆವರು ಒರೆಸಿಕೊಳ್ಳುತ್ತ, ಪ್ರಾಸ ತಪ್ಪಿಸಿ, ‘ವಿಮಲಾ’ ಎಂದು ಹೇಳಿ ಮುಗಿಸಿದ್ದರು. ಆಮೇಲೆ ‘ಏ, ಕೇಳ್ತೇನು’ ಬಂತು. ಕಾರು ಬಂದ ಮೇಲೆ ಅದೂ ಬೇಕಾಗಲಿಲ್ಲ. ಗೇಟಿನ ಮುಂದೆ ನಿಂತು ಎರಡು ಸಣ್ಣ ಹಾರ್ನು, ಒಂದು ಉದ್ದ ಹಾರ್ನು ಹೊಡೆದರೆ ವಿಮಲಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರಬೇಕು. ಕಮಲಾಪುರದ ತವರುಮನೆಯ ಮುಂದೆಯೂ ಇದೇ ಪದ್ಧತಿ. ಅಳಿಯ ಕಾರಿನಿಂದ ಇಳಿಯುವುದಿಲ್ಲ. ಹಾರ್ನು ಕೇಳಿ ಮಗಳು ಚೀಲ ಹಿಡಿದು ಬರುತ್ತಾಳೆ.

ಹೀಗೆ ಸಾಗುತ್ತಿದ್ದ ಸಂಸಾರದ ನಡುವೆ ಒಂದು ಸ್ಟೀರಿಂಗ್ ಬಂತು. ಸ್ಟೇಶನ್ ಬಜಾರದ ಅಂಗಡಿಯೊಂದರಲ್ಲಿ ಅದು ನೇತಾಡುತ್ತಿತ್ತು. ಕರೀ ಚರ್ಮ, ಕೆಂಪು ಹೊಲಿಗೆ, ರೊಟ್ಟಿಯ ಹಂಚಿನಷ್ಟೇ ಗಾತ್ರ. ರೇಸಿನ ಹುಡುಗರು ಹಿಡಿಯುವಂಥದ್ದು. ದೇವೀಂದ್ರಪ್ಪನವರಿಗೆ ಈ ವಯಸ್ಸಿನಲ್ಲಿ ಅದರ ಮೇಲೆ ಮನಸ್ಸಾಯಿತು. ತಂದು, ಮೆಕ್ಯಾನಿಕ್ಕಿಗೆ ಕೊಡದೆ, ತಾವೇ ಅಂಗಳದಲ್ಲಿ ಕೂತು ಜೋಡಿಸಿದರು. ನಡುವಿನ ಹಾರ್ನ್ ಬಟನ್ನನ್ನು ಹೆಬ್ಬೆರಳಿನ ಉಗುರಿನಿಂದ ಎಬ್ಬಿಸಿ, ಡಬ್ಬಿಯ ಮುಚ್ಚಳದಂತೆ ತೆಗೆದು, ಮತ್ತೆ ಒತ್ತಿ ಕೂರಿಸಿ ಹೆಂಡತಿಗೆ ತೋರಿಸಿದರು. ಒತ್ತಿದರೆ ಹಾರ್ನು ಓಣಿಯೆಲ್ಲ ಕೇಳುವಂತೆ ಒದರಿತು. ಇದು ಜನ್ಮದಲ್ಲಿ ಕೆಡುವ ಸಾಮಾನಲ್ಲ ಎಂದು ಘೋಷಿಸಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕೈಗೆ ಹತ್ತಿದ್ದ ಎಣ್ಣೆ ಒರೆಸಿಕೊಳ್ಳಲು ಪಕ್ಕದಲ್ಲಿ ಬಿದ್ದಿದ್ದ ಬಟ್ಟೆಯೊಂದನ್ನು ಎತ್ತಿಕೊಂಡರು. ಅದು ಹಳೆಯ ಸ್ಟೀರಿಂಗಿಗೆ ವಿಮಲಾಬಾಯಿ ಹೆಣೆದು ತೊಡಿಸಿದ್ದ ಉಣ್ಣೆಯ ಕವರು. ಒಂದು ಚಳಿಗಾಲವೆಲ್ಲ ಕೂತು ಹೆಣೆದದ್ದು ಎಂದು ಆಕೆ ಹೇಳಿದರು. ಸುಮ್ಮನೆ ತಲೆ ತಗ್ಗಿಸುವುದು ಬಿಟ್ಟು ಈ ಮಹಾಶಯರು, ಒಂದು ಚಿಂದಿಗಾಗಿ ಇಷ್ಟು ಬಡಕೊಳ್ಳುವುದೇಕೆ ಎಂದುಬಿಟ್ಟರು. ಮರುದಿನ ಬೆಳಿಗ್ಗೆ ವಿಮಲಾಬಾಯಿ, ತಮ್ಮನ ತೋಟದಲ್ಲಿ ಕೆಂಪು ಬಾಳೆಯ ಗೊನೆ ಕಡಿಯುತ್ತಿದ್ದಾರೆ ಎಂದು ನೆಪ ಹೇಳಿ ಕಮಲಾಪುರದ ಬಸ್ಸು ಹತ್ತಿದರು.

ಗೊನೆ ಕಡಿದು ಮಾರಿಯೂ ಆಗಿರಬೇಕು, ಆಕೆ ಬರಲಿಲ್ಲ. ಫೋನು ಮಾಡಿದರೆ ತಮ್ಮ ಅಮರನಾಥ ಎತ್ತಿ, ಅಕ್ಕ ತೋಟದಲ್ಲಿದ್ದಾಳೆ ಎನ್ನುತ್ತಿದ್ದ. ಇತ್ತ ದೇವೀಂದ್ರಪ್ಪನವರು ತಾವೇ ಬೇಯಿಸಿದ ಬೇಳೆಯನ್ನು ತಾವೇ ಉಣ್ಣುವ ಶಿಕ್ಷೆ ಅನುಭವಿಸುತ್ತಿದ್ದರು. ಮನೆ ಬಣಬಣ ಎನ್ನುತ್ತಿತ್ತು. ಹೆಂಡತಿ ಬೇಕಾಗಿದ್ದಳು, ಆದರೆ ಬಾ ಎನ್ನಲು ನಾಲಿಗೆ ಏಳಬೇಕಲ್ಲ. ಕೊನೆಗೆ ಉಪಾಯ ಹೊಳೆಯಿತು. ಕಮಲಾಪುರಕ್ಕೆ ಹೋಗಿ ಗೇಟಿನ ಮುಂದೆ ಎಂದಿನಂತೆ ಹಾರ್ನು ಹೊಡೆಯುವುದು. ಆಕೆ ಬಂದು ಕೂಡುತ್ತಾಳೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಭಾನುವಾರ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಕಾರಿನಲ್ಲಿ ಕೂತು ಒಂದು ಸಲ ಒತ್ತಿ ನೋಡಿದರು. ಹಾರ್ನು ತುಟಿ ಬಿಚ್ಚಲಿಲ್ಲ.

ಫ್ಯೂಸು ತೆಗೆದು ನೋಡಿದರು, ಸರಿಯಿತ್ತು. ಬ್ಯಾಟರಿ ಒರೆಸಿದರು. ಬಾನೆಟ್ಟಿನೊಳಗಿದ್ದ ಹಾರ್ನನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. ಅಷ್ಟರಲ್ಲಿ ಎದುರುಮನೆಯ ಆಟೋ ಧರ್ಮರಾಜ ಒಂದು ತುಂಡು ವೈರು ಹಿಡಿದು ಬಂದ. ಬ್ಯಾಟರಿಯಿಂದ ನೇರವಾಗಿ ಹಾರ್ನಿಗೆ ಕರೆಂಟು ಕೊಟ್ಟ, ಹಾರ್ನು ಕಿರುಚಿತು. ಸ್ಟೀರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ಅಲ್ಲಿಯ ವೈರನ್ನು ಕಬ್ಬಿಣಕ್ಕೆ ತಾಗಿಸಿದ, ಆಗಲೂ ಕಿರುಚಿತು. ಇನ್ನು ಉಳಿದದ್ದು ಒಂದೇ ಜಾಗ.

“ಕಾಕಾ, ಹೊಸಾ ಬಟನ್ ತಗದು ನೋಡ್ರಿ,” ಎಂದ.

ದೇವೀಂದ್ರಪ್ಪನವರ ಮುಖ ಬಿಗಿಯಿತು. ಜೋಡಿಸಿದ ದಿನ ಒದರಿದ ಬಟನ್ನು ನಿಂತಲ್ಲೇ ನಿಂತ ಗಾಡಿಯಲ್ಲಿ ಹೇಗೆ ಕೆಡುತ್ತದೆ? ಅದನ್ನು ತೆಗೆದು ನೋಡುವುದೆಂದರೆ ಸ್ಟೀರಿಂಗಿನ ಮೇಲೆ ಸಂಶಯ ಪಟ್ಟಂತೆ. ಸ್ಟೀರಿಂಗಿನ ಮೇಲೆ ಸಂಶಯ ಪಟ್ಟರೆ ವಿಮಲಾಬಾಯಿ ಗೆದ್ದಂತೆ. ಎಲ್ಲೋ ಲೂಸ್ ಕನೆಕ್ಷನ್ ಇರಬೇಕು, ದಾರಿಯ ಕುಲುಕಾಟಕ್ಕೆ ತಾನೇ ಕೂತುಕೊಳ್ಳುತ್ತದೆ ಎಂದು ತೀರ್ಪು ಕೊಟ್ಟರು. ಧರ್ಮರಾಜ ತನ್ನ ವೈರು ಸುತ್ತಿಕೊಂಡು ಬಾಡಿಗೆಗೆ ಹೋದ.

ಕಲಬುರಗಿಯಲ್ಲಿ ಹಾರ್ನಿಲ್ಲದೆ ಗಾಡಿ ಓಡಿಸುವುದೆಂದರೆ ಕಣ್ಣು ಕಟ್ಟಿಕೊಂಡು ಸಂತೆಗೆ ಹೋದಂತೆ. ಗಂಜ್ ಮಾರುಕಟ್ಟೆಯ ಹತ್ತಿರ ತೊಗರಿ ಚೀಲದ ಗಾಡಿಯೊಂದು ಅಡ್ಡ ನಿಂತಿತ್ತು. ದೇವೀಂದ್ರಪ್ಪನವರು ಬಟನ್ ಒತ್ತಿ ಒತ್ತಿ ಸೋತು, ಕೊನೆಗೆ ಕಿಟಕಿಯಿಂದ ತಲೆ ಹೊರಹಾಕಿ, ಸ್ವಲ್ಪ ಸರಿಯಪ್ಪ ಎಂದು ಕೇಳಬೇಕಾಯಿತು. ಗಾಡಿಯವನು ಬೈಯದೆ ಸರಿದ. ಇದು ಅವರಿಗೆ ಸೋಜಿಗವೆನಿಸಿತು. ಹಾರ್ನು ಹೊಡೆದಾಗಲೆಲ್ಲ ಜನ ಬೈದೇ ಸರಿಯುತ್ತಿದ್ದರು. ಮಹಾಗಾಂವ ಕ್ರಾಸಿನಲ್ಲಿ ಕುರಿಯ ಹಿಂಡು ರಸ್ತೆ ತುಂಬಿತ್ತು. ಅಲ್ಲಿಯೂ ಅಣ್ಣಾ ಎಂದು ಕರೆದು ದಾರಿ ಕೇಳಿದರು. ಕುರಿಯವನು ದಾರಿ ಬಿಡಿಸಿ, ಯಾವ ಊರಿಗೆ ಹೊರಟಿರಿ ಎಂದು ವಿಚಾರಿಸಿ, ಎಲೆ ಅಡಿಕೆ ಬೇಕೇನು ಎಂದೂ ಕೇಳಿದ. ಕಮಲಾಪುರ ಮುಟ್ಟುವಷ್ಟರಲ್ಲಿ ಅವರ ಗಂಟಲು ಒಣಗಿತ್ತು, ಹಾರ್ನು ಮಾತ್ರ ಕುಲುಕಾಟಕ್ಕೆ ಜಪ್ಪಯ್ಯ ಎಂದಿರಲಿಲ್ಲ.

ಮಾವನ ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ರೂಢಿಯಂತೆ ಒತ್ತಿದರು. ಎರಡು ಸಣ್ಣ, ಒಂದು ಉದ್ದ. ಬಟನ್ನಿನ ಟಿಕ್ ಟಿಕ್ ಅವರಿಗಷ್ಟೇ ಕೇಳಿಸಿತು. ಇಂಜಿನ್ನಿನ ಸದ್ದಿಗೆ ಹೊರಬಂದ ಅಮರನಾಥ, ಮಾಮಾ ಒಳಗೆ ಬನ್ನಿ ಎಂದು ಕರೆದ. ಇವರು ಕೂತಲ್ಲಿಂದಲೇ, ಹೀಗೇ ಹೊರಟಿದ್ದೆ, ಹಾರ್ನು ಕೆಟ್ಟಿತು ಎಂದರು. ಹಿಂದೆಯೇ ಬಾಗಿಲಿಗೆ ಬಂದ ವಿಮಲಾಬಾಯಿ ಆ ಮಾತು ಕೇಳಿ ಥಟ್ಟನೆ ನಿಂತರು.

“ಬಟನ್ ತಗದು ನೋಡಿದ್ರೇನ್ರಿ?”

ದೇವೀಂದ್ರಪ್ಪನವರು ಕನ್ನಡಿ ಸರಿಪಡಿಸತೊಡಗಿದರು. ಆಕೆ ಬಂದು ಪಕ್ಕದ ಸೀಟಿನಲ್ಲಿ ಕೂತು, ಅವರು ಅಂದು ತೋರಿಸಿಕೊಟ್ಟಿದ್ದ ಹಾಗೆಯೇ ಹೆಬ್ಬೆರಳಿನ ಉಗುರು ಹಾಕಿ ಬಟನ್ನು ಎಬ್ಬಿಸಿದರು. ಅದರ ಅಡಿಯಲ್ಲಿ ಕಾಗದದ ಸಣ್ಣ ಪೊಟ್ಟಣವೊಂದು ಚಪ್ಪಟೆಯಾಗಿ ಕೂತಿತ್ತು. ತಗಡಿಗೆ ತಗಡು ತಾಗದ ಹಾಗೆ ಅದು ಅಡ್ಡ ಬಂದಿತ್ತು.

“ದೇವರ ಗುಡೀದು ವಿಭೂತಿ. ಬಸ್ಸಿಗಿ ಹೋಗೋಕಿಂತ ಮೊದಲ ಇಟ್ಟಿದ್ದೆ,” ಎಂದರು ವಿಮಲಾಬಾಯಿ. “ಇಷ್ಟ ಸಣ್ಣ ಗಾಲಿ ಹಿಡಕೊಂಡು ಎಲ್ಲರೆ ಬಡಕೊಂಡೀರಂತ.”

ದೇವೀಂದ್ರಪ್ಪನವರು ಪೊಟ್ಟಣವನ್ನೇ ನೋಡಿದರು. ಸಿಟ್ಟು ಮಾಡಿಕೊಂಡು ಮನೆ ಬಿಟ್ಟವಳು, ಬಿಡುವ ಮೊದಲು ಅಂಗಳದಲ್ಲಿ ನಿಂತು ಗಂಡನ ಪ್ರಾಣದ ಚಿಂತೆ ಮಾಡಿದ್ದಳು. ತಾವು ಆಕೆಯ ಒಂದು ಚಳಿಗಾಲದ ಹೆಣಿಗೆಯಲ್ಲಿ ಎಣ್ಣೆ ಒರೆಸಿಕೊಂಡಿದ್ದರು. ಅವರಿಗೆ ನಾಚಿಕೆಯಾಯಿತು.

ವಿಮಲಾಬಾಯಿ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಗಂಡನ ಅಂಗಿಯ ಕಿಸೆಯಲ್ಲಿಟ್ಟರು, ಬಟನ್ನು ಕೂರಿಸಿ ಒತ್ತಿದರು. ಹಾರ್ನು ಮೊದಲಿನಂತೆ ಒದರಿತು.

“ಛಲೋ ಆತು ನೋಡ್ರಿ. ಸಾವಕಾಶ ಹೋಗಿ ಬರ್ರಿ,” ಎಂದು ಇಳಿದು ಒಳಗೆ ಹೋದರು.

ಇದು ಅವರ ಲೆಕ್ಕದಲ್ಲಿ ಇರಲಿಲ್ಲ. ಹಾರ್ನು ರಿಪೇರಿಯಾದ ಮೇಲೆ ಹೆಂಡತಿ ಬರಬೇಕಾದದ್ದು ನ್ಯಾಯ. ಎರಡು ಸಣ್ಣ, ಒಂದು ಉದ್ದ ಹೊಡೆದರು. ತಿಪ್ಪೆಯ ಮೇಲಿದ್ದ ಕೋಳಿಗಳು ಹಾರಿದವು, ಎದುರುಮನೆಯ ಮುದುಕಿ ಹೊರಗೆ ಬಂದಳು. ಇನ್ನೊಮ್ಮೆ ಹೊಡೆದರು. ಓಣಿಯ ಅರ್ಧ ಜನ ಕಟ್ಟೆಗೆ ಬಂದರು. ಬರಬೇಕಾದವರೊಬ್ಬರೇ ಬರಲಿಲ್ಲ. ಅಮರನಾಥ ಮಾತ್ರ ಗೋಡೆಗೊರಗಿ, ನಗು ತಡೆದುಕೊಳ್ಳಲು ಮೀಸೆ ತಿರುವುತ್ತಿದ್ದ.

ದೇವೀಂದ್ರಪ್ಪನವರು ಬಟನ್ನಿನಿಂದ ಕೈ ತೆಗೆದರು. ಬೆಳಿಗ್ಗೆಯಿಂದ ಕಂಡವರಿಗೆಲ್ಲ ಅಣ್ಣಾ, ಅಪ್ಪಾ ಎಂದು ಬಾಯಿಬಿಟ್ಟು ಕೇಳಿಕೊಂಡು ಬಂದಿದ್ದೇನೆ, ಕೇಳಬೇಕಾದವಳನ್ನು ಕೇಳಿಲ್ಲ ಎಂಬುದು ಕಡೆಗೂ ತಲೆಗೆ ಹೋಯಿತು. ಕಾರಿನಿಂದ ಇಳಿದರು. ಗೇಟಿನ ಮೇಲೆ ಕೈಯಿಟ್ಟರು. ಒಡಪಿನ ದಿನದ ಬೆವರು ಮತ್ತೆ ಕಿತ್ತುಕೊಂಡು ಬಂತು.

“ವಿಮಲಾ,” ಎಂದರು. ದನಿ ಒಡೆಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಕರೆದರು. “ವಿಮಲಾ, ನಂದು ತಪ್ಪಾತು. ಮನೀಗಿ ಹೋಗೋಣ, ಬಾ.”

ಒಳಗಿನಿಂದ ಚೀಲ ತುಂಬುವ ಸದ್ದೇನೂ ಬರಲಿಲ್ಲ. ಚೀಲ ಮೊದಲೇ ತುಂಬಿ ಬಾಗಿಲ ಹಿಂದೆ ಇತ್ತು. ವಿಮಲಾಬಾಯಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೆಂಪು ಬಾಳೆಯ ಚಿಪ್ಪು ಹಿಡಿದು ಹೊರಬಂದರು. ಓಣಿಯ ಮಂದಿಯೆಲ್ಲ ನೋಡುತ್ತಿದ್ದಾರೆ, ಅಷ್ಟು ಜೋರಾಗಿ ಕರೆಯುವುದೇ ಎಂದು ಗದರಿದರು. ಮುಖ ಮಾತ್ರ ಬೇರೆಯೇ ಹೇಳುತ್ತಿತ್ತು.

ಓಣಿಯ ತುದಿಯಲ್ಲಿ ಎಮ್ಮೆಯೊಂದು ದಾರಿಗೆ ಅಡ್ಡ ಮಲಗಿ ಮೆಲುಕು ಹಾಕುತ್ತಿತ್ತು. ಬೆಳಗಿನಿಂದ ಬಿದ್ದ ರೂಢಿ. ದೇವೀಂದ್ರಪ್ಪನವರು ಕಿಟಕಿಯಿಂದ ತಲೆ ಹೊರಹಾಕಿ, ಸ್ವಲ್ಪ ಸರಿಯವ್ವಾ ಎಂದರು. ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ.

“ಅದಕ್ಕ ಹಾರ್ನ್ ಹೊಡೀರಿ,” ಎಂದರು ವಿಮಲಾಬಾಯಿ.

ದೇವೀಂದ್ರಪ್ಪನವರು ಹೊಡೆದರು.