ತಂಗಿಯ ಕೈಮಾತು
ಗಂಡನ ಡಬ್ಬಿಗೆ ಚಪಾತಿ ಹಾಕಿ, ಎಂದಿನಂತೆ ಹರಿಹರದ ತಂಗಿಗೆ ವಿಡಿಯೊ ಕರೆ ಮಾಡಿದೆ. ಅವಳಿಗೆ ಕಿವಿ ಕೇಳದು, ಮಾತಿಲ್ಲ, ಓದೂ ಬಾರದು. ನಾವು ಕೈಸನ್ನೆಯಲ್ಲೇ ಮಾತಾಡುತ್ತೇವೆ. ಅಂದು ಅಳುತ್ತಿದ್ದಳು. ಏನೋ ಹೇಳಲು ಕೈ ಎತ್ತಿದಳು, ಚಿತ್ರ ಅಲ್ಲೇ ನಿಂತಿತು.

ದಾವಣಗೆರೆಯ ಮೊಬೈಲ್ ಕಂಪನಿಯಲ್ಲಿರುವ ಗಂಡ, "ಹರಿಹರದಾಗ ಸಮಾವೇಶ ಐತೆ. ಜನ ಜಾಸ್ತಿ ಆಗಿ ಟವರ್ ತುಂಬಿದ್ರೆ ಮಾತಿನ ಕಾಲಿಗೆ ಮೊದ್ಲು ದಾರಿ ಬಿಡ್ತೀವಿ, ವಿಡಿಯೊ ಆಮ್ಯಾಲೆ. ಸುಮ್ನೆ ಫೋನ್ ಮಾಡು," ಎಂದರು.

ಮಾಡಿದೆ. ಅವಳ ಅತ್ತೆ ಎತ್ತಿದರು. "ಆರಾಮ ಅದಾಳವ್ವ, ಏನಿಲ್ಲ." ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟ. ಹಿಂದೆ ತಂಗಿಯ ಬಳೆಗಳ ಸದ್ದು ನಿಲ್ಲಲೇ ಇಲ್ಲ.

ಸಮಾವೇಶಕ್ಕೆಂದು ರಸ್ತೆಯನ್ನೂ ಮುಚ್ಚಿದ್ದರಿಂದ ಹೋಗಲೂ ಆಗಲಿಲ್ಲ. ಸಂಜೆ ಗೇಟಿನ ಬಳಿ ಫೋನ್ ಹಿಡಿದು ನಿಂತಿದ್ದೆ. ಸಂಗತಿ ಕೇಳಿದ ಎದುರುಮನೆಯವರು ಹೂ ಕಟ್ಟುತ್ತಲೇ, "ಆರಾಮ ಅದಾಳೆ ಅಂತ ಅವರತ್ತೇನೇ ಹೇಳಿದ್ರಲ್ರಿ, ಮತ್ಯಾಕ ಚಿಂತಿ?" ಎಂದರು.