ನೀರು ಮೊಣಕಾಲಿಗೆ ಬಂದರೆ ಕುಣಿತ ಮುಗಿಯಿತು

ತದಡಿಯ ಬಂಗಾರಿ ಬಲಗಾಲು ಎತ್ತಿದರೆ ಅಘನಾಶಿನಿ ಹರಿಯುವುದನ್ನು ನಿಲ್ಲಿಸುತ್ತದೆ. ಕಾಲು ಕೆಳಗಿಟ್ಟ ಮೇಲೆಯೇ ಅದಕ್ಕೆ ಸಮುದ್ರ ಸೇರಲು ಅಪ್ಪಣೆ. ನಂಬದವರು ಬೆಳಗಿನ ಆರು ಗಂಟೆಗೆ ಅಳಿವೆಗೆ ಬಂದು ನೋಡಬಹುದು.

ಇಳಿತದ ಹೊತ್ತು. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡ ಹದಿನಾಲ್ಕು ಹೆಂಗಸರು ಕೆಸರಿನಲ್ಲಿ ಸಾಲಾಗಿ ನಿಂತಿದ್ದಾರೆ. ಬೆಳಚು ಎಂಬ ಚಿಪ್ಪನ್ನು ಇಲ್ಲಿ ಯಾರೂ ಕಣ್ಣಿನಿಂದ ಹುಡುಕುವುದಿಲ್ಲ, ಅಂಗಾಲಿನಿಂದ ಹುಡುಕುತ್ತಾರೆ. ಹಿಮ್ಮಡಿ ಊರಿ, ಬೆರಳಲ್ಲಿ ಕೆಸರು ಕೆದಕಿ, ಗಟ್ಟಿಯಾದದ್ದು ತಾಗಿದೊಡನೆ ಮೈ ಬಾಗಿಸಿ ಕೈ ಹಾಕುವುದು. ಎದ್ದು ಮತ್ತೊಂದು ಹೆಜ್ಜೆ.

"ಗಂಗೀ, ಸೊಂಟ ಎಂತಕ್ಕೆ ಗೂಟದ ಹಾಂಗೆ ಇಟ್ಕಂಡೀಯೆ?" ಎಂದು ಬಂಗಾರಿ ಗದರುತ್ತಾರೆ.

"ಬೆಳಚಿಗೆ ನನ್ನ ಸೊಂಟ ಕಾಣ್ತದ್ಯೇ?"

"ಜನಕ್ಕೆ ಕಾಣ್ತದೆ. ಬಾಗು."

ಇದು ಕೂಲಿಯೋ ತಾಲೀಮೋ ಎಂದು ಕೇಳಿದರೆ ಎರಡೂ ಹೌದು. ಐವತ್ತಾರರ ಬಂಗಾರಿ ದಿನಕ್ಕೆ ಎರಡು ಬುಟ್ಟಿ ಬೆಳಚು ಆಯುತ್ತಾರೆ, ಅದರ ನಡುವೆಯೇ ನಮ್ಮ ಕರಾವಳಿಯ ಮೊದಲ ಆಧುನಿಕ ನೃತ್ಯ ತಂಡವನ್ನು ಕುಣಿಸುತ್ತಾರೆ. ಕಲಿಸುವ ಗಡಿಯಾರ ಹೊಳೆಯೇ. ನೀರು ಮೀನಖಂಡಕ್ಕೆ ಬಂದರೆ ಸಾಲು ತಿರುಗಬೇಕು. ಮೊಣಕಾಲಿಗೆ ಬಂದರೆ ಬುಟ್ಟಿ ತಲೆಗೇರಿಸಿ ದಡಕ್ಕೆ.

ಶುರುವಾದದ್ದು ತೊಂಬತ್ತೆಂಟರಲ್ಲಿ, ಮಗಳು ದಿವ್ಯಶ್ರೀಯ ಶಾಲೆಯ ಗ್ಯಾದರಿಂಗಿನಲ್ಲಿ. ತಾಯಂದಿರದ್ದೂ ಒಂದು ಡ್ಯಾನ್ಸ್ ಇರಲಿ ಎಂದು ಸಿನಿಮಾ ಹಾಡು ಹಾಕಿದ್ದರು. ಪಲ್ಲವಿ ಮುಗಿಯುವ ಮೊದಲೇ ಟೇಪ್ ರೆಕಾರ್ಡರ್ ಕ್ಯಾಸೆಟ್ಟಿನ ರೀಲು ನುಂಗಿತು. ಹೆಂಗಸರು ಕಂಬದಂತೆ ನಿಂತರು.

"ನಾ ಅಂದೆ, ಹಾಡು ಸತ್ರೆ ಸಾಯ್ಲಿ, ಬೆಳಿಗ್ಗೆ ಕಾಲು ಎಂತ ಮಾಡ್ತದ್ಯೋ ಅದನ್ನೇ ಮಾಡ್ರೇ ಅಂತ," ಎನ್ನುತ್ತಾರೆ ಬಂಗಾರಿ. "ಮಾಡಿದ್ರು. ಜನ ಕೆಮ್ಮೂದೂ ಬಿಟ್ರು."

ಅಂದಿನಿಂದ ಅವರ ಕುಣಿತಕ್ಕೆ ಹಾಡಿಲ್ಲ. ಕಾಲಿನ ಸದ್ದು, ಬುಟ್ಟಿಯಲ್ಲಿ ಚಿಪ್ಪು ಕುಲುಕುವ ಸದ್ದು, ಅಷ್ಟೇ. ಇದನ್ನು ಕಂಡು ತೆಂಗಿನಗುಂಡಿಯ ಹೆಂಗಸರು ಬಲೆ ಎಳೆಯುವುದನ್ನು ಕುಣಿದರು, ಗೇರುಸೊಪ್ಪದವರು ಸೊಪ್ಪಿನ ಹೊರೆ ಇಳಿಸುವುದನ್ನು. ಭಟ್ಕಳದಿಂದ ಕುಮಟೆಯವರೆಗಿನ ಕ್ಯಾಸೆಟ್ ಅಂಗಡಿಗಳೆಲ್ಲ ಬಾಗಿಲು ಹಾಕಿದವು.

"ಒಂದು ಹಾಕ್ತು," ಎಂದು ಬಂಗಾರಿ ತಿದ್ದುತ್ತಾರೆ. "ಅವನಿಗೆ ಮುಂಬಯಲ್ಲಿ ಕೆಲ್ಸ ಸಿಕ್ತು."

ಇಂಥವರಿಗೆ ಈ ವರ್ಷ ವೇದಿಕೆ ಇಲ್ಲ. ಹೊನ್ನಾವರದ ಮಹಿಳಾ ನೃತ್ಯ ಸ್ಪರ್ಧೆ ಬರುವ ಭಾನುವಾರ. ತಂಡಕ್ಕೆ ಎಂಟು ನಿಮಿಷ, ಘಂಟೆ ಹೊಡೆದರೆ ಇಳಿಯಬೇಕು. ಹೋದ ವರ್ಷ ಒಣ ಹಲಗೆಯ ಮೇಲೆ ನೀರು ಎಲ್ಲಿಂದ ತರುವುದು ಎಂದು ಬಂಗಾರಿ ಉಪಾಯ ಮಾಡಿದ್ದರು: "ಘಂಟೆಯೇ ಭರ್ತಿ, ನೀರು ಏರಿ ಬಂದ ಹಾಂಗೆ ಅಂತ ತಿಳ್ಕಣಿ. ಅದು ಹೊಡೀದೆ ಯಾರೂ ಕದಲೂಕಿಲ್ಲ."

ಹೆಂಗಸರು ಹಲಗೆ ಬಿಟ್ಟು ಕದಲಲಿಲ್ಲ, ಕುಣಿಯುತ್ತಲೇ ಇದ್ದರು. ಎಂಟು ನಿಮಿಷ ಹೋಯಿತು, ಹದಿನೆಂಟು ಹೋಯಿತು. ಮೂವತ್ತೊಂದನೆಯ ನಿಮಿಷಕ್ಕೆ ಬಂಗಾರಿ ಪರದೆಯ ಮರೆಯಿಂದ "ನೀರು ಬಂತ್ರೇ" ಎಂದು ಕೂಗಿದರು. ಉಳಿದ ಹದಿಮೂರು ಮಂದಿ ಒಮ್ಮೆಲೇ ಸೀರೆ ಎತ್ತಿ ಕಟ್ಟಿ, ಬುಟ್ಟಿ ಹೊತ್ತು ನಡೆದರು. ಹತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

"ಕುರ್ಚಿ ಇದ್ದದ್ದೇ ಇನ್ನೂರು ಮಾರಾಯ್ರೆ," ಎಂದಳು ಗಂಗಿ.

ಘಂಟೆ ಮೂರು ಸಲ ಹೊಡೆದರೂ ಲೆಕ್ಕಿಸಲಿಲ್ಲವೆಂದು ಸಂಚಾಲಕ ರಮಾನಂದ ಮಾಸ್ತರರು ತಂಡವನ್ನು ಮೂರು ವರ್ಷ ಹೊರಗಿಟ್ಟರು. ಘಂಟೆ ಕೇಳಲೇ ಇಲ್ಲ ಎಂದರೆ ನಂಬುವವರಿಲ್ಲ. ಆದರೂ ತಾಲೀಮು ನಿಂತಿಲ್ಲ.

"ಬಹುಮಾನ ಬ್ಯಾಡ," ಎನ್ನುತ್ತಾರೆ ಬಂಗಾರಿ, ಬುಟ್ಟಿ ಕುಲುಕಿ ಕೆಸರು ತೊಳೆಯುತ್ತಾ. "ನಾವು ಹೇಳ್ದ ಮಾತು ಕೇಳುವವ್ರೇ ಅಂತ ತೋರಿಸ್ಬೇಕು. ಒಂದ್ಸಲ ಘಂಟೆ ಹೊಡೀಲಿ, ಅದೇ ಪೆಟ್ಟಿಗೆ ಇಳೀತೇವೆ." ಆಮೇಲೆ ತಲೆಯೆತ್ತಿ ನೋಡುತ್ತಾರೆ. "ಮೂರು ಸಲ ಹೊಡ್ದೆ ಅಂತ ಮೈಕಲ್ಲಿ ಹೇಳಿದವ್ರ ದನಿ ನಂಗೆ ನೆನಪದೆ. ನಿಮ್ಮ ದನಿಯ ಹಾಂಗೇ ಇತ್ತು, ಪೇಪರಿನವ್ರೆ."

ನೀರು ಆಗಲೇ ಮೊಣಕಾಲಿಗೆ ಬಂದಿತ್ತು. ಅದು ಯಾರಿಗಾಗಿಯೂ ನಿಲ್ಲಲಿಲ್ಲ.

ಸರಿ. ಹೊಳೆ ನಿಲ್ಲುವುದು ಸುಳ್ಳು, ಹತ್ತು ಸಾವಿರವೂ ಸುಳ್ಳು. ಆ ದಿನ ಘಂಟೆ ನನ್ನ ಕೈಯಲ್ಲಿತ್ತು, ನಾನು ಒಂದು ಸಲವೂ ಹೊಡೆಯಲಿಲ್ಲ. ಎಂಟನೆಯ ನಿಮಿಷಕ್ಕೆ ಕೈ ಎತ್ತಿದ್ದು ನಿಜ. ಅಷ್ಟರಲ್ಲಿ ಆ ಒಣ ಹಲಗೆಯ ಮೇಲೆ ಗಂಗಿಯ ಕಾಲಿಗೆ ಏನೋ ಸಿಕ್ಕಿತು. ಅದೇನೆಂದು ನೋಡಿ ಹೊಡೆಯೋಣ ಎಂದುಕೊಂಡೆ. ಮಾನ ಹೋಗುತ್ತದೆಂದು ಆಮೇಲೆ ಮೂರು ಸಲ ಹೊಡೆದೆ ಎಂದೆ.

ರಮಾನಂದ ಮಾಸ್ತರರೇ, ಭಾನುವಾರ ಇವರಿಗೆ ವೇದಿಕೆ ಕೊಡಿ. ಘಂಟೆ ಮಾತ್ರ ಬೇರೆಯವರ ಕೈಗೆ ಕೊಡಿ.