ಗಾಯ ಇರಬೇಕು ಎಂದೆ

೧೯೬೨ರ ಶ್ರಾವಣ ಮಾಸದ ಒಂದು ಬೆಳಿಗ್ಗೆ, ಯಡಿಯೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿತ್ತಲಿನಲ್ಲಿ, ಆ ಮನೆಯ ಸೊಸೆ ರತ್ನಮ್ಮ ನನ್ನನ್ನು ಒಂದು ಇಂಗ್ಲಿಷ್ ಪದದ ಅರ್ಥ ಕೇಳಿದರು. ಪದ ಕ್ರೂಯೆಲ್ಟಿ. ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಸುಳ್ಳು ಹೇಳಿದೆ.

ಆಗ ನಾನು ಒಂದು ಕನ್ನಡ ದಿನಪತ್ರಿಕೆಗೆ ಕೋರ್ಟಿನ ಸುದ್ದಿ ಬರೆಯುತ್ತಿದ್ದೆ. ಮನೆಯ ಯಜಮಾನ ಮುನಿಯಪ್ಪನವರ ಹೊಲವೆಲ್ಲ ಜಯನಗರದ ಬಡಾವಣೆಗೆ ಹೋಗಿ, ಒಂದು ಎಮ್ಮೆ ಮತ್ತು ಬಾಡಿಗೆಯ ಕೋಣೆಗಳು ಉಳಿದಿದ್ದವು. ಮದುವೆಯಾಗದವನಿಗೆ ಕೋಣೆ ಕೊಡುವವರೇ ಕಡಿಮೆ; ಅವರು ಕೋಣೆಯ ಜೊತೆಗೆ ಊಟವನ್ನೂ ಕೊಟ್ಟಿದ್ದರು. ನಾನು ತಡವಾಗಿ ಬಂದ ದಿನ ರತ್ನಮ್ಮ ಮುದ್ದೆಯನ್ನು ಆರದಂತೆ ಬಟ್ಟೆ ಸುತ್ತಿ ಒಲೆಯ ಪಕ್ಕದಲ್ಲಿ ಇಟ್ಟಿರುತ್ತಿದ್ದರು. ನನ್ನನ್ನು ‘ಪೇಪರಣ್ಣ’ ಎನ್ನುತ್ತಿದ್ದರು.

ಆಕೆಯ ಗಂಡ ರಾಮಯ್ಯ ಆಕೆಯೊಡನೆ ಮಾತನಾಡುತ್ತಿರಲಿಲ್ಲ. ಇದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯದ ಮನೆ ಅದು. ಆ ಮೌನವನ್ನು ನಾನು ಮರ್ಯಾದೆ ಎಂದೇ ತಿಳಿದಿದ್ದೆ. ನೀರು ಬೇಕಾದರೆ ರಾಮಯ್ಯ ಉಂಗುರದಿಂದ ಲೋಟ ತಟ್ಟುತ್ತಿದ್ದರು. ಹೊರಗೆ ಹೋಗುವಾಗ ಎಮ್ಮೆಯ ಬೆನ್ನು ಸವರಿ, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದರು: “ಗೌರೀ, ಇವತ್ತು ಉಣ್ಣಾಕೆ ಬರಾಕಿಲ್ಲ ಕಣವ್ವ.”

ಮದುವೆಯಾದ ಹೊಸದರಲ್ಲಿ ಬಡಾವಣೆಗಾಗಿ ಹೊಲ ಅಳೆಯಲು ಬಂದವರಿಗೆ ರಾಮಯ್ಯ ಮನೆಯ ಜಗುಲಿಯಿಂದಲೇ ಬೇರೆಯವರ ಗಡಿಕಲ್ಲನ್ನು ತಮ್ಮದೆಂದು ತೋರಿಸಿದರಂತೆ. ಬಾಗಿಲ ಹಿಂದಿದ್ದ ರತ್ನಮ್ಮ ಅದಲ್ಲ ಎಂದು ಹೇಳಿ ನಕ್ಕುಬಿಟ್ಟರಂತೆ. ಬಂದವರೂ ನಕ್ಕರಂತೆ. ಅಂದಿನಿಂದ ಮಾತಿಲ್ಲ — ಒಂದು ನಗುವಿಗೆ.

ಆ ಬೆಳಿಗ್ಗೆ ಆಕೆ ಪಾತ್ರೆ ತೊಳೆಯುತ್ತಿದ್ದರು.

“ಪೇಪರಣ್ಣ, ಕ್ರೂಯೆಲ್ಟಿ ಅಂದ್ರೆ ಏನು?”

“ಯಾಕೆ ರತ್ನಮ್ಮ?”

“ನಮ್ಮಣ್ಣ ವಕೀಲರ ಹತ್ರ ಹೋಗಿದ್ದ. ಅದಿದ್ರೆ ಬೇರೆ ಇರಾಕೆ ಕೋರ್ಟು ಒಪ್ತದಂತೆ. ಮಾತಾಡಿಸ್ದೆ ಇರೋದೂ ಅದ್ರಲ್ಲಿ ಬರ್ತದೆ ಅಂದ್ರಂತೆ. ಮನೇಲಿರೋರು ಯಾರಾದ್ರೂ ಬಂದು ಸಾಕ್ಷಿ ಹೇಳ್ಬೇಕಂತೆ. ವಕೀಲರು ಫೀಜಿಗೋಸ್ಕರ ಏನು ಬೇಕಾದ್ರೂ ಹೇಳ್ತಾರೆ. ನೀವು ದಿನಾ ಕೋರ್ಟು ನೋಡೋರು. ನಿಜ ಹೇಳಿ — ಬರ್ತದಾ?”

ಬರುತ್ತಿತ್ತು. ಆ ವರ್ಷವೇ ಅಂಥದೊಂದು ಮೊಕದ್ದಮೆಯ ಸುದ್ದಿಯನ್ನು ನಾನೇ ಬರೆದಿದ್ದೆ: ಕೈ ಎತ್ತಲೇಬೇಕೆಂದಿಲ್ಲ, ಜೊತೆಯಲ್ಲಿ ಬಾಳುವುದೇ ದೇಹಕ್ಕೋ ಮನಸ್ಸಿಗೋ ಕೇಡಾಗುವಂತಿದ್ದರೆ ಸಾಕು ಎಂದು ನ್ಯಾಯಾಧೀಶರು ಹೇಳಿದ್ದರು. ಅಷ್ಟು ದೂರ ಏಕೆ — ಕುದುರೆಗೆ ನೀರು ಕೊಡದೆ ಬಿಸಿಲಲ್ಲಿ ಕಟ್ಟಿದ್ದ ಜಟಕಾದವನಿಗೆ ಇದೇ ಪದದ ಮೇಲೆ ದಂಡ ಬಿದ್ದದ್ದನ್ನೂ ಬರೆದಿದ್ದೆ. ಆ ಕುದುರೆಯ ಮೈಮೇಲೆ ಒಂದು ಗೀರೂ ಇರಲಿಲ್ಲ.

ಆದರೆ ಸಾಕ್ಷಿ ಯಾರು? ಆ ಮನೆಯಲ್ಲಿ ಹೊರಗಿನವನು ನಾನೊಬ್ಬನೇ. ಕಟಕಟೆ ಹತ್ತಿದ ದಿನ ನನ್ನ ಹಾಸಿಗೆ ಬೀದಿಯಲ್ಲಿ. ಅಷ್ಟೇ ಕಾರಣ. ಇನ್ನೊಂದನ್ನು ಹುಡುಕಿದ್ದೇನೆ — ಸಿಗಲಿಲ್ಲ.

“ಇಲ್ಲ ರತ್ನಮ್ಮ. ಅದಕ್ಕೆ ಹೊಡೆತ ಬಿದ್ದಿರ್ಬೇಕು. ಗಾಯ ಇರ್ಬೇಕು.”

ಆಕೆ ಸೋಪಿನಕಾಯಿಯ ನೊರೆ ಹತ್ತಿದ ಕೈಗಳನ್ನು ತಿರುಗಿಸಿ ನೋಡಿಕೊಂಡರು. “ಒಂದೇಟಾದ್ರೂ ಹಾಕಿದ್ರೆ ಚೆನ್ನಾಗಿತ್ತು,” ಎಂದರು. ತಮಾಷೆಗೆ ಅಂದದ್ದೆಂದುಕೊಂಡೆ.

ತಮಾಷೆಯಾಗಿರಲಿಲ್ಲ. ಕೆಲವು ದಿನಗಳ ಮೇಲೆ ಸಾರಿಗೆ ಉಪ್ಪಿರಲಿಲ್ಲ. ಮರುದಿನವೂ ಇರಲಿಲ್ಲ. ಮುನಿಯಪ್ಪನವರು ತಟ್ಟೆಯ ಮುಂದೆ ಕುಳಿತು, “ಏನವ್ವ ರತ್ನಾ, ಉಪ್ಪು ಮಾರೋನು ಸತ್ತೋದ್ನಾ?” ಎಂದರು. ರಾಮಯ್ಯ ಮಾತ್ರ ತಲೆ ಎತ್ತದೆ ಉಂಡು, ಕೈ ತೊಳೆದು, ಎದ್ದು ಹೋದರು. ಆಮೇಲೆ ರತ್ನಮ್ಮ ನನಗೆ ಮಜ್ಜಿಗೆ ಬಡಿಸುತ್ತ ಪಿಸುದನಿಯಲ್ಲಿ ಹೇಳಿದರು: “ಕೋಪ ಬಂದು ಒಂದು ಬಿಡ್ತಾರೆ ಅಂದ್ಕೊಂಡೆ ಕಣಣ್ಣ. ಬಡ್ಡಿಮಗಂದು ನಾಲಿಗೆ, ಅದೂ ಸತ್ತೋಗಿದೆ.” ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನೂ ನಕ್ಕೆ.

ಆಗ ಹೇಳಬಹುದಿತ್ತು. ಮಜ್ಜಿಗೆ ಮುಗಿಯುವಷ್ಟರಲ್ಲಿ ಹೇಳಿ ಮುಗಿಸಬಹುದಾದ ಮಾತು ಅದು. ನಾನು — ಮಜ್ಜಿಗೆ ಕುಡಿದೆ.

ಮೊಕದ್ದಮೆ ಬೇಡ ಎಂದು ಆಕೆ ತ್ಯಾಗರಾಜನಗರದ ಅಣ್ಣನಿಗೆ ಹೇಳಿಕಳಿಸಿದರು. ಸಾರಿಗೆ ಮತ್ತೆ ಉಪ್ಪು ಬಂತು. ಎರಡು ವರ್ಷದ ಮೇಲೆ ನನಗೆ ಮದುವೆಯಾಗಿ, ಶ್ರೀನಗರದಲ್ಲಿ ಮನೆ ಮಾಡಿದೆ.

೧೯೬೯ರಲ್ಲಿ ನಾನು ಸುದ್ದಿ ತಿದ್ದುವ ಮೇಜಿನಲ್ಲಿದ್ದೆ. ಒಂದು ದಿನ ಇಂಗ್ಲಿಷಿನಲ್ಲಿ ಬಂದ ಸುದ್ದಿಯೊಂದರಲ್ಲಿ ಅದೇ ಪದವಿತ್ತು, ಕನ್ನಡ ಮಾಡಬೇಕಿತ್ತು. ಹಿಂಸೆ ಎಂದು ಬರೆದು ಹೊಡೆದುಹಾಕಿದೆ. ಕ್ರೌರ್ಯ ಎಂದು ಬರೆದೆ, ಅದನ್ನೂ ಹೊಡೆದೆ. ಅರ್ಧ ದಿನದ ರಜೆ ಕೇಳಿ ಯಡಿಯೂರಿಗೆ ಹೋದೆ.

ರತ್ನಮ್ಮ ಜಗುಲಿಯ ಮೇಲೆ ಮಾವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಮುನಿಯಪ್ಪನವರಿಗೆ ಕಣ್ಣು ಹೋಗಿತ್ತು. ಆಕೆಯನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ — ನ್ಯಾಯಾಧೀಶರ ಮಾತು, ಕುದುರೆ, ನನ್ನ ಕೋಣೆ. ಈಗಲಾದರೂ ಕಟಕಟೆ ಹತ್ತುತ್ತೇನೆ ಎಂದೆ.

ಆಕೆ ಜಗುಲಿಯ ಕಡೆಗೆ ತಿರುಗಿದರು.

“ಈಗ ಎಲ್ಲಿಗೋಗ್ಲಿ ಅಣ್ಣ? ಮಾವಂಗೆ ತಟ್ಟೆ ಎಲ್ಲಿದೆ ಅಂತ ನಾನೇ ಕೈ ಹಿಡಿದು ತೋರಿಸ್ಬೇಕು. ಈ ಮನೇಲಿ ನನ್ನ ಮಾತಾಡಿಸ್ದೋರು ಅವ್ರೊಬ್ರೇ.” ಸೆರಗಿನಿಂದ ಎಣ್ಣೆ ಕೈ ಒರೆಸಿಕೊಂಡರು. “ನಮ್ಮಣ್ಣನಿಗೆ ಮಾತ್ರ ಹೇಳ್ಬಿಡಿ. ವಕೀಲರ ತನಕ ಹೋಗಿ ಬಂದ್ಮೇಲೆ ಬೇಡ ಅಂದೆ ಅಂತ ಅವನೂ ಮಾತು ಬಿಟ್ಟವನೆ. ಈ ಕಡೆ ಬಂದೇ ಇಲ್ಲ.”

“ನಾನು ಹೇಳಿದ್ದು ಅಂತ ಅವರಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬಂದು ನಿಮ್ಮ ಮೇಲೆ ಜಗಳ ತೆಗೀತಿದ್ದ. ಇವ್ರಿಗೆ ಗೊತ್ತಾಗಿ ನಿಮ್ಮನ್ನ ಮನೆ ಬಿಡಿಸ್ತಿದ್ರು.”



ಅಲ್ಲಿಂದ ನೇರವಾಗಿ ತ್ಯಾಗರಾಜನಗರಕ್ಕೆ ನಡೆದೆ. ಆಕೆಯ ಅಣ್ಣ ಆಗಷ್ಟೇ ಆಫೀಸಿನಿಂದ ಬಂದು ಶರಟಿನ ಗುಂಡಿ ಬಿಚ್ಚುತ್ತಿದ್ದರು. ಬಾಗಿಲಲ್ಲೇ ನಿಂತು ಹೇಳಿದೆ, ನನ್ನ ಹೆಸರೂ ಸೇರಿದಂತೆ. ಅವರು ಒಳಗೆ ಬನ್ನಿ ಎನ್ನಲಿಲ್ಲ, ಬೈಯಲೂ ಇಲ್ಲ. ಗುಂಡಿಗಳನ್ನು ಮತ್ತೆ ಹಾಕಿಕೊಂಡರು. ಗೋಡೆಗೆ ಒರಗಿಸಿದ್ದ ಸೈಕಲ್ ತೆಗೆದು, ನನ್ನನ್ನು ಬಳಸಿಕೊಂಡು ರಸ್ತೆಗಿಳಿದು, ಯಡಿಯೂರಿನ ಕಡೆಗೆ ತುಳಿದುಕೊಂಡು ಹೋದರು.